ಪಾರ್ಶ್ವವಾಯುವಿನ ತರುವಾಯ ಕೈಯ ಪುನಶ್ಶಿಕ್ಷಣ

ಪೀಠಿಕೆ

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಗಡಿಗೆ ಸಮೀಪವಾಗಿ, ನಗರಗೆರೆಯೆಂಬ ಹೋಬಳಿಯಿದೆ. ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ಈ ಸೀಮೆಯಲ್ಲಿ ಒಂದೇ ರೋಗಕ್ಕೆ ಮೂರು ಹೆಸರುಗಳುಂಟು. ಗ್ರಂಥಭಾಷೆಯಲ್ಲಿ ಅದು ಪಾರ್ಶ್ವವಾಯು; ಆಡುಮಾತಿನಲ್ಲಿ ಲಕ್ವ; ತೆಲುಗು ಮಾತನಾಡುವವರ ಬಾಯಲ್ಲಿ ಪಕ್ಷವಾತ. ಹೆಸರು ಯಾವುದಾದರೂ ಅದರ ಪರಿಣಾಮವನ್ನು ಜನರು ಹೇಳುವ ಬಗೆ ಒಂದೇ: 'ಕೈಕಾಲು ಬಿದ್ದುಹೋಯಿತು.' ಹೀಗೆ ಬಿದ್ದ ಕಾಲು ಎಷ್ಟೋ ಮಂದಿಯಲ್ಲಿ ಮತ್ತೆ ಏಳುತ್ತದೆ. ಕೋಲೂರಿಕೊಂಡಾದರೂ ಅವರು ಜಗಲಿಯವರೆಗೆ, ಹೊಲದ ಬದುವಿನವರೆಗೆ ನಡೆದುಹೋಗುತ್ತಾರೆ. ಬಿದ್ದ ಕೈ ಮಾತ್ರ ಅಷ್ಟು ಸುಲಭವಾಗಿ ಏಳುವುದಿಲ್ಲ. ಎದೆಗೆ ಮಡಿಚಿಕೊಂಡು, ಮುಷ್ಟಿ ಬಿಗಿದುಕೊಂಡು, ಅದು ಮನುಷ್ಯನ ಜೊತೆಯಲ್ಲಿದ್ದೂ ಇಲ್ಲದಂತೆ ಉಳಿದುಬಿಡುತ್ತದೆ.

ಕಾಲಿಗಿಂತ ಕೈ ಹೀಗೆ ಹಿಂದುಳಿಯುವುದೇಕೆ, ಅದನ್ನು ಮರಳಿ ಪಡೆಯಲು ವೈದ್ಯಶಾಸ್ತ್ರವು ಕಂಡುಕೊಂಡಿರುವ ಉಪಾಯಗಳಾವುವು, ಅವುಗಳಲ್ಲಿ ಪರೀಕ್ಷೆಯ ಒರೆಗೆ ನಿಂತವು ಎಷ್ಟು, ನಗರಗೆರೆಯಂಥ ಊರಿನ ಮನೆಯೊಂದರಲ್ಲಿ ಸಾಧ್ಯವಾಗತಕ್ಕವು ಯಾವುವು ಎಂಬ ನಾಲ್ಕು ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ವಿಚಾರ ಮಾಡುತ್ತೇವೆ. ಇದು ವೈದ್ಯರಿಗಾಗಿ ಬರೆದುದಲ್ಲ. ನಮ್ಮ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಅನೇಕರು ಇಂಥ ಹಳ್ಳಿಗಳಿಂದ ಬಂದವರು. ತಂದೆಗೋ ಅಜ್ಜಿಗೋ ಈ ರೋಗ ತಗುಲಿದ ದಿನ, ಮನೆಯಲ್ಲಿ ಓದಿದವರೆಂಬ ಕಾರಣಕ್ಕೆ, ಮುಂದೇನು ಮಾಡಬೇಕೆಂಬ ಪ್ರಶ್ನೆ ಅವರ ಮುಂದೆಯೇ ಬಂದು ನಿಲ್ಲುತ್ತದೆ. ಆ ದಿನಕ್ಕೆ ಬೇಕಾಗುವ ತಿಳಿವಳಿಕೆಯನ್ನು ಒದಗಿಸುವುದು ನಮ್ಮ ಉದ್ದೇಶ.

ಈ ಸೀಮೆಗೂ ನರರೋಗಗಳ ಅಧ್ಯಯನಕ್ಕೂ ಹಳೆಯ ನಂಟಿದೆ. ೧೯೮೦ರ ದಶಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ, ಅಂದರೆ ನಿಮ್ಹಾನ್ಸಿನ, ಎಂ. ಗೌರೀದೇವಿ ಮತ್ತು ಅವರ ಸಂಗಡಿಗರು ಗೌರಿಬಿದನೂರು ಪ್ರದೇಶದಲ್ಲಿ ನರರೋಗಗಳ ಸಮೀಕ್ಷೆಯನ್ನು ನಡೆಸಿದರು. ಮುಂದೆ ೧೯೯೩ರಿಂದ ೧೯೯೫ರವರೆಗೆ ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳಲ್ಲಿ ೧,೦೨,೫೫೭ ಮಂದಿಯನ್ನು ಒಳಗೊಂಡ ಇನ್ನೂ ದೊಡ್ಡ ಸಮೀಕ್ಷೆ ನಡೆದು, ಅದರ ಫಲಿತಾಂಶ ೨೦೦೪ರಲ್ಲಿ ಪ್ರಕಟವಾಯಿತು. ನರರೋಗಗಳು ಪಟ್ಟಣದವರ ರೋಗಗಳೆಂಬ ಭಾವನೆಗೆ ಆಧಾರವಿಲ್ಲವೆಂಬುದು ಇಂಥ ಸಮೀಕ್ಷೆಗಳಿಂದ ಸ್ಪಷ್ಟವಾಗಿದೆ.

ಕೈ ಹಿಂದುಳಿಯುವುದಕ್ಕೆ ಕಾರಣ

ಪಾರ್ಶ್ವವಾಯು ಕೈಯ ರೋಗವಲ್ಲ, ಮೆದುಳಿನ ರೋಗ. ಮೆದುಳಿಗೆ ರಕ್ತವನ್ನೊಯ್ಯುವ ನಾಳವೊಂದು ಮುಚ್ಚಿಹೋದರೆ ಅಥವಾ ಒಡೆದರೆ, ಆ ನಾಳವನ್ನು ನಂಬಿದ್ದ ಭಾಗ ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತದೆ. ಮೆದುಳಿನಿಂದ ಇಳಿದುಬರುವ ಚಲನೆಯ ನರತಂತುಗಳಲ್ಲಿ ಬಹುಪಾಲು ಮೆದುಳಿನ ಬುಡದಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟುತ್ತವೆ. ಆದುದರಿಂದ ಎಡ ಮೆದುಳಿಗೆ ಪೆಟ್ಟು ಬಿದ್ದರೆ ಬಲಗೈ ಸೋಲುತ್ತದೆ. ಬಲ ಮೆದುಳಿಗೆ ಬಿದ್ದರೆ ಎಡಗೈ. ಬಹುಮಂದಿಯಲ್ಲಿ ಮಾತಿನ ಕೇಂದ್ರ ಎಡ ಮೆದುಳಿನಲ್ಲಿರುವುದರಿಂದ ಬಲಗೈಯೊಡನೆ ಮಾತೂ ಹೋಗುವುದು ಅಪರೂಪವಲ್ಲ. ಕೈಯಲ್ಲಿ ಮೂಳೆಗಳು ೨೭. ಅವುಗಳಲ್ಲಿ ಯಾವುದೂ ಮುರಿದಿಲ್ಲ. ಸ್ನಾಯುಗಳೂ ಮೊದಲಿಗೆ ಕೆಟ್ಟಿಲ್ಲ. ಅಪ್ಪಣೆ ಕೊಡುವವನಿಗೆ ಪೆಟ್ಟು ಬಿದ್ದಿದೆ. ಕೆಲಸ ಮಾಡುವವನು ಅಪ್ಪಣೆಗಾಗಿ ಕಾದು ಕುಳಿತಿದ್ದಾನೆ. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದೆಂಬುದನ್ನು ವಾಚಕರು ತಾವೇ ತೂಗಿ ನೋಡಬಹುದು.

ಕೈ ಹಿಂದುಳಿಯುವುದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು, ಮೆದುಳಿನಲ್ಲಿ ಕೈಗಿರುವ ಜಾಗದ ವಿಸ್ತಾರ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಶಸ್ತ್ರವೈದ್ಯರಾಗಿದ್ದ ವೈಲ್ಡರ್ ಪೆನ್‌ಫೀಲ್ಡ್ ೧೯೩೭ರಲ್ಲಿ ಬೋಲ್ಡ್ರೆಯವರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ, ಮೆದುಳಿನ ಹೊರಪದರದ ಯಾವ ಭಾಗ ದೇಹದ ಯಾವ ಅಂಗವನ್ನು ಆಡಿಸುತ್ತದೆಂಬುದನ್ನು ಗುರುತಿಸಿದರು. ಅಲ್ಲಿ ಇಡೀ ಮುಂಡಕ್ಕಿಂತ ಕೈಬೆರಳುಗಳಿಗೇ ಹೆಚ್ಚು ಜಾಗವಿದೆ. ಪಾರ್ಶ್ವವಾಯುವಿನಲ್ಲಿ ಬಹಳವಾಗಿ ತೊಂದರೆಗೊಳಗಾಗುವುದು ಮೆದುಳಿನ ಮಧ್ಯ ಅಪಧಮನಿ. ಅದು ರಕ್ತವನ್ನುಣಿಸುವುದು ಮುಖ್ಯವಾಗಿ ಮುಖ ಮತ್ತು ಕೈಗಳ ಭಾಗಕ್ಕೆ. ಕಾಲಿನ ಭಾಗಕ್ಕೆ ರಕ್ತ ಬರುವುದು ಇನ್ನೊಂದು ನಾಳದಿಂದ.

ಎರಡನೆಯದು, ಕೆಲಸದ ಸೂಕ್ಷ್ಮತೆ. ನಡಿಗೆಯ ಲಯಬದ್ಧ ಚಲನೆಗೆ ಬೆನ್ನುಹುರಿಯಲ್ಲಿಯೂ ಮೆದುಳಿನ ಬುಡದಲ್ಲಿಯೂ ಹಳೆಯ ಏರ್ಪಾಡುಗಳಿವೆ. ಸೂಜಿಗೆ ದಾರ ಪೋಣಿಸಲು, ಗುಂಡಿ ಹಾಕಲು, ಹೆಬ್ಬೆರಳಿಗೆ ಒಂದೊಂದು ಬೆರಳನ್ನೂ ಬೇರೆಬೇರೆಯಾಗಿ ತಾಗಿಸಲು ಮೆದುಳಿನ ಹೊರಪದರದಿಂದ ನೇರವಾಗಿ ಬರುವ ತಂತುಗಳೇ ಬೇಕು. ಪೆಟ್ಟು ಬಿದ್ದಿರುವುದು ಆ ತಂತುಗಳಿಗೆ.

ಮೂರನೆಯ ಕಾರಣ ದೇಹದ ರಚನೆಯದಲ್ಲ, ಬದುಕಿನ ರೀತಿಯದು. ಕಾಲಿಗೆ ಬದಲಿಯಿಲ್ಲ. ಎದ್ದು ನಡೆಯಬೇಕಾದರೆ ಸೋತ ಕಾಲನ್ನು ಊರಲೇಬೇಕು. ಹೀಗಾಗಿ ಅದಕ್ಕೆ ದಿನವೂ ಬಲವಂತದ ಅಭ್ಯಾಸವಾಗುತ್ತದೆ. ಕೈಗಾದರೋ ಬದಲಿ ಇದೆ. ಒಂದು ಕೈ ಸೋತರೆ ಇನ್ನೊಂದು ಕೈ ಕೆಲಸವನ್ನು ವಹಿಸಿಕೊಳ್ಳುತ್ತದೆ. ಆ ಕೈಗೂ ಸಾಧ್ಯವಾಗದ್ದನ್ನು ಹೆಂಡತಿಯೋ ಸೊಸೆಯೋ ಮಗನೋ ಮಾಡಿಕೊಡುತ್ತಾರೆ. ಹೀಗೆ ಕೈಗೆ ಕೆಲಸವೇ ಇಲ್ಲದಂತಾಗುತ್ತದೆ. ಮೊದಲ ಎರಡು ಕಾರಣಗಳನ್ನು ನಾವು ಬದಲಾಯಿಸಲಾರೆವು. ಮೂರನೆಯದನ್ನು ಬದಲಾಯಿಸಬಹುದು.

ಚೇತರಿಕೆಯ ಕ್ರಮ

ಸೋತ ಕೈ ಚೇತರಿಸಿಕೊಳ್ಳುವುದರಲ್ಲಿ ಒಂದು ಕ್ರಮವಿದೆಯೆಂಬುದನ್ನು ವಿವರವಾಗಿ ದಾಖಲೆ ಮಾಡಿದವರು ಅಮೆರಿಕದ ಥಾಮಸ್ ಟ್ವಿಚೆಲ್. ೧೨೧ ಮಂದಿ ರೋಗಿಗಳನ್ನು ಗಮನಿಸಿ ಅವರು ೧೯೫೧ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಆಧಾರಗ್ರಂಥದಂತಿದೆ. ಮೊದಲು ಕೈ ಜೋತುಬೀಳುತ್ತದೆ. ಕೆಲವು ದಿನ ಅಥವಾ ವಾರಗಳಲ್ಲಿ ಬಿಗಿತ ಕಾಣಿಸಿಕೊಳ್ಳುತ್ತದೆ. ಬಳಿಕ ಇಚ್ಛೆಯಿಂದಾಗುವ ಚಲನೆ ಮರಳುತ್ತದೆ. ಆದರೆ ಅದು ಬಿಡಿಯಾಗಿ ಬರುವುದಿಲ್ಲ, ಕಟ್ಟಾಗಿ ಬರುತ್ತದೆ. ಬೆರಳೊಂದನ್ನು ಮಡಿಸಲು ಯತ್ನಿಸಿದರೆ ಹೆಗಲು ಮೇಲೇರುತ್ತದೆ, ಮೊಣಕೈ ಮಡಿಯುತ್ತದೆ, ಮುಷ್ಟಿ ಬಿಗಿಯುತ್ತದೆ. ಈ ಕಟ್ಟು ಕ್ರಮೇಣ ಸಡಿಲಿ, ಒಂದೊಂದು ಕೀಲೂ ಸ್ವತಂತ್ರವಾಗಿ ಆಡುವಂತಾದಾಗ ಕೈ ನಿಜವಾಗಿ ಕೆಲಸಕ್ಕೆ ಬರುತ್ತದೆ. ಸ್ವೀಡನ್ ಮೂಲದ ಸಿಗ್ನೆ ಬ್ರುನ್‌ಸ್ಟ್ರಾಮ್ ಈ ಕ್ರಮವನ್ನು ಆರು ಹಂತಗಳಾಗಿ ವಿಂಗಡಿಸಿದರು. ಚಿಕಿತ್ಸಕರು ಇಂದಿಗೂ ಅವನ್ನು ಬಳಸುತ್ತಾರೆ. ಎಲ್ಲರೂ ಕೊನೆಯ ಹಂತವನ್ನು ಮುಟ್ಟುವುದಿಲ್ಲ. ಯಾವ ಹಂತದಲ್ಲಾದರೂ ಚೇತರಿಕೆ ನಿಲ್ಲಬಹುದು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಮುಷ್ಟಿ ಹಿಡಿಯುವ ಶಕ್ತಿ ಮೊದಲು ಬರುತ್ತದೆ. ಬಿಚ್ಚುವ ಶಕ್ತಿ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಲೋಟವನ್ನು ಹಿಡಿಯಬೇಕಾದರೆ ಮೊದಲು ಕೈ ತೆರೆಯಬೇಕು. ಹಿಡಿದುದನ್ನು ಇಡಬೇಕಾದರೂ ತೆರೆಯಬೇಕು. ನಮ್ಮಲ್ಲಿ ಲಕ್ವ ಹೊಡೆದವರ ಕೈಗೆ ರಬ್ಬರ್ ಚೆಂಡನ್ನು ಕೊಟ್ಟು ಹಿಸುಕಲು ಹೇಳುವುದು ವಾಡಿಕೆ. ಮೊದಲೇ ಬಿಗಿದುಕೊಂಡಿರುವ ಕೈಗೆ ಇನ್ನಷ್ಟು ಮುಚ್ಚುವುದನ್ನು ಕಲಿಸಿದರೆ ಅದರ ನಿಜವಾದ ಕೊರತೆ ನೀಗುವುದಿಲ್ಲ.

ಬಿಚ್ಚುವ ಶಕ್ತಿಯ ಮಹತ್ವ ಲೆಕ್ಕಾಚಾರದಿಂದಲೂ ದೃಢಪಟ್ಟಿದೆ. ನೆದರ್ಲೆಂಡ್ಸಿನಲ್ಲಿ ನೈಲಾಂಡ್ ಮತ್ತು ಸಂಗಡಿಗರು ೧೮೮ ಮಂದಿಯನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ರೋಗ ತಗುಲಿದ ೭೨ ಗಂಟೆಗಳೊಳಗೆ ಬೆರಳುಗಳನ್ನು ಸ್ವಲ್ಪವಾದರೂ ಬಿಚ್ಚಬಲ್ಲವರಿಗೆ ಮತ್ತು ತೋಳನ್ನು ಮೈಯಿಂದ ಸ್ವಲ್ಪವಾದರೂ ಎತ್ತಬಲ್ಲವರಿಗೆ, ಆರು ತಿಂಗಳಲ್ಲಿ ಕೈಯ ಕೌಶಲ ಸ್ವಲ್ಪಮಟ್ಟಿಗೆ ಮರಳುವ ಸಂಭವ ಶೇಕಡ ೯೮. ಇವೆರಡೂ ಇಲ್ಲದವರಲ್ಲಿ ಅದು ಶೇಕಡ ೨೫. ಈ ಪರೀಕ್ಷೆಗೆ ಯಾವ ಯಂತ್ರವೂ ಬೇಡ, ನೋಡುವ ಕಣ್ಣು ಸಾಕು. ಆದರೆ ಶೇಕಡ ೨೫ ಎಂಬುದು ಸೊನ್ನೆಯಲ್ಲವೆಂಬುದನ್ನೂ ಮರೆಯಬಾರದು.

ಕಲಿತ ನಿರುಪಯೋಗ

ಕೈ ಕೆಲಸ ಮಾಡದಿರುವುದಕ್ಕೆ ಅಶಕ್ತಿಯೊಂದೇ ಕಾರಣವಲ್ಲ, ಅಭ್ಯಾಸವೂ ಕಾರಣ ಎಂಬುದನ್ನು ತೋರಿಸಿಕೊಟ್ಟವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟಾಬ್. ಒಂದು ಮುಂಗೈಯ ಸ್ಪರ್ಶದ ನರಗಳನ್ನು ಕತ್ತರಿಸಿದ ಕೋತಿಗಳು, ಆಡಿಸುವ ನರಗಳು ಉಳಿದಿದ್ದರೂ, ಆ ಕೈಯನ್ನು ಬಳಸುವುದನ್ನೇ ಬಿಟ್ಟುವು. ಮೊದಮೊದಲು ಪ್ರಯತ್ನಿಸಿದಾಗ ಸೋಲು ಎದುರಾಯಿತು. ಒಳ್ಳೆಯ ಕೈಯಿಂದ ಕೆಲಸ ಸಾಗಿತು. ಸೋತ ಕೈಯನ್ನು ಬಳಸದಿರುವುದೇ ಅವು ಕಲಿತ ಪಾಠವಾಯಿತು. ಒಳ್ಳೆಯ ಕೈಯನ್ನು ಕಟ್ಟಿಹಾಕಿದಾಗ ಅದೇ ಸೋತ ಕೈ ಕೆಲಸಕ್ಕೆ ತೊಡಗಿತು. ಇದನ್ನು ಟಾಬ್ 'ಕಲಿತ ನಿರುಪಯೋಗ' ಎಂಬ ಅರ್ಥದ ಹೆಸರಿನಿಂದ ಕರೆದರು.

ಮೆದುಳಿನಲ್ಲಿಯೂ ಇದಕ್ಕೆ ಸರಿಯಾದ ಬದಲಾವಣೆಯಾಗುತ್ತದೆಂಬುದನ್ನು ರ‍್ಯಾಂಡಾಲ್ಫ್ ನ್ಯೂಡೋ ಮತ್ತು ಸಂಗಡಿಗರು ೧೯೯೬ರಲ್ಲಿ ತೋರಿಸಿದರು. ಕೋತಿಗಳ ಮೆದುಳಿನಲ್ಲಿ ಕೈಯ ಭಾಗಕ್ಕೆ ಸಣ್ಣ ಪೆಟ್ಟಾದ ಮೇಲೆ ಅಭ್ಯಾಸವಿಲ್ಲದೆ ಬಿಟ್ಟರೆ, ಪೆಟ್ಟಾಗದ ಪಕ್ಕದ ಭಾಗವೂ ಕೈಯ ಹಿಡಿತದಿಂದ ತಪ್ಪಿಹೋಗುತ್ತಿತ್ತು. ಕಿರಿದಾದ ಕುಳಿಗಳಿಂದ ತಿನಿಸಿನ ತುಣುಕುಗಳನ್ನು ಬೆರಳಿನಿಂದ ಹೆಕ್ಕುವ ಅಭ್ಯಾಸ ಮಾಡಿಸಿದಾಗ ಆ ಭಾಗ ಉಳಿಯಿತು. ಕೆಲವೆಡೆ ವಿಸ್ತಾರವೂ ಆಯಿತು. ಉತ್ತವನಿಗೆ ಹೊಲವೆಂಬ ನ್ಯಾಯ ಮೆದುಳಿನಲ್ಲಿಯೂ ಉಂಟೆಂದು ಹೇಳಬಹುದು.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡೋಣ. ನಗರಗೆರೆಯ ರೈತನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಬಲಗೈ ಸೋತಿದೆ; ಬೆರಳುಗಳು ಸ್ವಲ್ಪ ಆಡುತ್ತವೆ. ಅವನು ಆಸ್ಪತ್ರೆಯಿಂದ ಮನೆಗೆ ಬರುತ್ತಾನೆ. ಹೆಂಡತಿ ತುತ್ತು ಮಾಡಿ ತಿನ್ನಿಸುತ್ತಾಳೆ, ಮಗ ಅಂಗಿಯ ಗುಂಡಿ ಹಾಕುತ್ತಾನೆ, ಮಗಳು ಮುಖ ತೊಳೆಸುತ್ತಾಳೆ. ಎಡಗೈಯಿಂದ ಉಣ್ಣುವುದು ನಮ್ಮಲ್ಲಿ ಸಲ್ಲದ ನಡತೆ. ಸೋತ ಬಲಗೈಯಿಂದ ಉಣ್ಣಹೋದರೆ ಅನ್ನ ಚೆಲ್ಲಿ, ನೋಡುವವರ ಮುಂದೆ ನಾಚಿಕೆಯಾಗುತ್ತದೆ. ಹೀಗಾಗಿ ಅವನೂ ಬೇಡವೆನ್ನುವುದಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ, ಇರುವುದೆಲ್ಲ ಪ್ರೀತಿ. ಆದರೂ ಮೂರು ತಿಂಗಳು ಹೀಗೆ ಕಳೆದರೆ, ಮರಳಬಹುದಾಗಿದ್ದ ಕೈ ತಾನು ಬೇಡವಾದೆನೆಂಬ ಪಾಠವನ್ನು ಕಲಿತಿರುತ್ತದೆ. ಚೇತರಿಕೆಯ ವೇಗ ಹೆಚ್ಚಾಗಿರುವುದು ಈ ಮೊದಲ ಮೂರು ತಿಂಗಳಲ್ಲಿಯೇ ಎಂಬುದು ಈ ಸೇವೆಯನ್ನು ಇನ್ನಷ್ಟು ದುಬಾರಿಯಾಗಿಸುತ್ತದೆ.

ಚಿಕಿತ್ಸಾಕ್ರಮಗಳ ತುಲನೆ

ಟಾಬ್ ಅವರ ಸಿದ್ಧಾಂತದಿಂದ ಹುಟ್ಟಿದ್ದು ನಿರ್ಬಂಧ ಚಿಕಿತ್ಸೆ. ಒಳ್ಳೆಯ ಕೈಗೆ ದಪ್ಪ ಕೈಚೀಲವನ್ನು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುವುದು ಇದರ ಕ್ರಮ. ಅಮೆರಿಕದಲ್ಲಿ ನಡೆದು ೨೦೦೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೋಗ ತಗುಲಿ ಮೂರರಿಂದ ಒಂಬತ್ತು ತಿಂಗಳಾಗಿದ್ದ ೨೨೨ ಮಂದಿ ಭಾಗವಹಿಸಿದರು. ಎರಡು ವಾರಗಳ ಕಾಲ, ಎಚ್ಚರವಾಗಿರುವ ಹೊತ್ತಿನಲ್ಲಿ ಶೇಕಡ ೯೦ರಷ್ಟು ಕಾಲ ಕೈಚೀಲ ತೊಡಬೇಕೆಂಬುದು ಗುರಿ. ವಾರದ ದಿನಗಳಲ್ಲಿ ಆರು ಗಂಟೆಗಳವರೆಗೆ ಶಿಕ್ಷಣ. ಒಂದು ವರ್ಷದ ಅನಂತರ ನೋಡಿದಾಗಲೂ ಇವರ ಕೈ ಇತರರ ಕೈಗಿಂತ ಉತ್ತಮವಾಗಿತ್ತು. ಆದರೆ ಮಣಿಕಟ್ಟನ್ನೂ ಬೆರಳುಗಳನ್ನೂ ಸ್ವಲ್ಪವಾದರೂ ಹಿಂದಕ್ಕೆ ಬಿಚ್ಚಬಲ್ಲವರಿಗೆ ಮಾತ್ರ ಇದು ಸಲ್ಲುತ್ತದೆ. ಪೂರ್ತಿ ಜೋತುಬಿದ್ದ ಕೈಯುಳ್ಳವನ ಇನ್ನೊಂದು ಕೈಯನ್ನೂ ಕಟ್ಟಿಹಾಕುವುದು ಚಿಕಿತ್ಸೆಯಲ್ಲ, ಹಿಂಸೆ.

ಉದ್ದೇಶವುಳ್ಳ ಕೆಲಸವನ್ನು ಮತ್ತೆಮತ್ತೆ ಮಾಡಿಸುವುದು ಎರಡನೆಯ ಕ್ರಮ. ಗಾಳಿಯಲ್ಲಿ ಕೈ ಆಡಿಸುವುದಕ್ಕಿಂತ ಲೋಟವನ್ನು ಎತ್ತಿಡುವುದು ಮೇಲು. ಹತ್ತು ಸಲಕ್ಕಿಂತ ಮುನ್ನೂರು ಸಲ ಮೇಲು. ಕ್ಯಾಥರೀನ್ ಲ್ಯಾಂಗ್ ಮತ್ತು ಸಂಗಡಿಗರು ಉತ್ತರ ಅಮೆರಿಕದ ಚಿಕಿತ್ಸಾಲಯಗಳಲ್ಲಿ ಎಣಿಸಿ ನೋಡಿದಾಗ, ಒಂದು ಪಾಠದಲ್ಲಿ ರೋಗಿ ಕೈಯಿಂದ ಮಾಡಿದ ಉಪಯುಕ್ತ ಚಲನೆಗಳು ಸರಾಸರಿ ೩೨ ಮಾತ್ರ ಎಂದು ೨೦೦೯ರಲ್ಲಿ ತಿಳಿದುಬಂತು. ಪ್ರಾಣಿಗಳ ಮೆದುಳಿನಲ್ಲಿ ಬದಲಾವಣೆ ತಂದ ಪ್ರಯೋಗಗಳಲ್ಲಿ ದಿನವೊಂದಕ್ಕೆ ನೂರಾರು ಚಲನೆಗಳಿದ್ದುವು. ಆದರೆ ಗಂಟೆಗಳನ್ನು ಏರಿಸಿದ ಮಾತ್ರಕ್ಕೆ ಫಲ ಏರುತ್ತದೆಂದೂ ಹೇಳಲಾಗದು. ಅಮೆರಿಕದಲ್ಲಿ ೩೬೧ ಮಂದಿಯ ಮೇಲೆ ನಡೆದು ೨೦೧೬ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ವ್ಯವಸ್ಥಿತವಾದ ಹೆಚ್ಚಿನ ಅಭ್ಯಾಸ ಪಡೆದವರಿಗೂ ವಾಡಿಕೆಯ ಚಿಕಿತ್ಸೆ ಪಡೆದವರಿಗೂ ಗಮನಾರ್ಹ ಅಂತರ ಕಾಣಲಿಲ್ಲ. ಕೆಲಸ ಕೈಯ ಶಕ್ತಿಗೆ ತಕ್ಕುದಾಗಿರಬೇಕು, ದಿನದಿನಕ್ಕೆ ತುಸು ಕಷ್ಟವಾಗುತ್ತಿರಬೇಕು, ಕಲಿತದ್ದು ನಿತ್ಯದ ಬದುಕಿನಲ್ಲಿ ಬಳಕೆಗೆ ಬರಬೇಕು. ಆಗ ಮಾತ್ರ ಎಣಿಕೆಗೆ ಬೆಲೆ.

ಮೂರನೆಯದು ದರ್ಪಣ ಚಿಕಿತ್ಸೆ. ತಮಿಳುನಾಡಿನಲ್ಲಿ ಜನಿಸಿ ಅಮೆರಿಕದಲ್ಲಿ ಕೆಲಸ ಮಾಡಿದ ವಿ. ಎಸ್. ರಾಮಚಂದ್ರನ್ ಇದನ್ನು ಮೊದಲು ಕೈ ಕಳೆದುಕೊಂಡವರ ನೋವಿಗಾಗಿ ಬಳಸಿದರು. ಪಾರ್ಶ್ವವಾಯುವಿನ ಒಂಬತ್ತು ಮಂದಿ ರೋಗಿಗಳಲ್ಲಿ ನಡೆದ ಪ್ರಯೋಗ ೧೯೯೯ರಲ್ಲಿ ಪ್ರಕಟವಾಯಿತು. ಎದೆಯ ನೇರಕ್ಕೆ ಮೇಜಿನ ಮೇಲೆ ಕನ್ನಡಿಯನ್ನು ನಿಲ್ಲಿಸಿ, ಸೋತ ಕೈಯನ್ನು ಅದರ ಹಿಂದೆ ಮರೆಮಾಡಿ, ಒಳ್ಳೆಯ ಕೈಯನ್ನು ಮುಂದೆ ಆಡಿಸುತ್ತ ಕನ್ನಡಿಯಲ್ಲಿ ನೋಡಬೇಕು. ಸೋತ ಕೈಯೇ ಆಡುತ್ತಿರುವಂತೆ ಕಣ್ಣಿಗೆ ಕಾಣುತ್ತದೆ. ಅದನ್ನೂ ಜೊತೆಗೆ ಆಡಿಸಲು ಯತ್ನಿಸಬೇಕು. ೨೦೧೮ರ ಹೊತ್ತಿಗೆ ೬೨ ಅಧ್ಯಯನಗಳನ್ನೂ ೧,೯೮೨ ಮಂದಿಯನ್ನೂ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ, ಇತರ ಚಿಕಿತ್ಸೆಯ ಜೊತೆಗೆ ಇದನ್ನು ಮಾಡಿದರೆ ಸ್ವಲ್ಪಮಟ್ಟಿನ ಪ್ರಯೋಜನವಿದೆಯೆಂದು ತೀರ್ಮಾನಿಸಿತು. ಬೆರಳು ಸ್ವಲ್ಪವೂ ಆಡದವರೂ ಇದನ್ನು ಮಾಡಬಹುದು. ವೆಚ್ಚ ಒಂದು ಕನ್ನಡಿಯದು.

ವಿದ್ಯುತ್ತಿನಿಂದ ಮುಂಗೈ ಸ್ನಾಯುಗಳನ್ನು ಪ್ರಚೋದಿಸಿ ಬೆರಳುಗಳನ್ನು ಬಿಚ್ಚಿಸುವ ಕ್ರಮವೂ ಉಂಟು. ಸ್ವಂತ ಪ್ರಯತ್ನದೊಡನೆ ಕೂಡಿಸಿದಾಗ ಇದರಿಂದ ಸಾಧಾರಣ ಫಲವಿದೆ. ಬಿಗಿತ ಬಹಳವಾದವರಿಗೆ ಬೊಟುಲಿನಮ್ ಚುಚ್ಚುಮದ್ದನ್ನು ಸ್ನಾಯುವಿಗೆ ಕೊಡುತ್ತಾರೆ. ಮುಷ್ಟಿ ಸಡಿಲವಾಗಿ ಅಂಗೈ ತೊಳೆಯಲು, ಉಗುರು ಕತ್ತರಿಸಲು ಅನುಕೂಲವಾಗುತ್ತದೆ. ಕೆಲಸ ಮಾಡುವ ಶಕ್ತಿ ಅಷ್ಟರಿಂದಲೇ ಬರುವುದಿಲ್ಲ. ಕೈಯನ್ನು ಪಟ್ಟಿಯಲ್ಲಿ ಬಿಗಿದಿಟ್ಟರೆ ಕೀಲು ಹಿಡಿದುಕೊಳ್ಳುವುದು ತಪ್ಪುತ್ತದೆಂಬ ನಂಬಿಕೆಯನ್ನು ಆಸ್ಟ್ರೇಲಿಯದಲ್ಲಿ ೬೩ ಮಂದಿಯ ಮೇಲೆ ಪರೀಕ್ಷಿಸಿ ೨೦೦೭ರಲ್ಲಿ ಪ್ರಕಟಿಸಿದಾಗ, ಅಂಥ ಪ್ರಯೋಜನ ಕಾಣಬರಲಿಲ್ಲ.

ದುಬಾರಿ ಯಂತ್ರಗಳ ವಿಷಯದಲ್ಲಿಯೂ ಎಚ್ಚರ ಬೇಕು. ಬ್ರಿಟನ್ನಿನಲ್ಲಿ ೭೭೦ ಮಂದಿಯ ಮೇಲೆ ನಡೆದು ೨೦೧೯ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೋಬಾಟ್ ಯಂತ್ರದ ನೆರವಿನಿಂದ ಅಭ್ಯಾಸ ಮಾಡಿದವರ ತೋಳಿನ ಉಪಯುಕ್ತತೆ ವಾಡಿಕೆಯ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಲಿಲ್ಲ. ಕುತ್ತಿಗೆಯ ವೇಗಸ್ ನರಕ್ಕೆ ಶಸ್ತ್ರಕ್ರಿಯೆಯಿಂದ ಸಾಧನವೊಂದನ್ನು ಜೋಡಿಸಿ, ಅಭ್ಯಾಸದ ಹೊತ್ತಿನಲ್ಲಿ ಆ ನರವನ್ನು ಪ್ರಚೋದಿಸುವ ಹೊಸ ವಿಧಾನ ೨೦೨೧ರಲ್ಲಿ ೧೦೮ ಮಂದಿಯ ಪರೀಕ್ಷೆಯಲ್ಲಿ ಫಲ ತೋರಿತು. ಅದೇ ವರ್ಷ ಅಮೆರಿಕದಲ್ಲಿ ಅದಕ್ಕೆ ಅನುಮತಿಯೂ ದೊರೆಯಿತು. ಅಲ್ಲಿಯೂ ಅಭ್ಯಾಸ ತಪ್ಪಲಿಲ್ಲ. ಸಾಧನ ಅಭ್ಯಾಸಕ್ಕೆ ಸಹಾಯಕ ಮಾತ್ರ. ಇನ್ನು ಗುಳಿಗೆಗಳ ವಿಷಯ: ಫ್ಲೂಯೋಕ್ಸೆಟಿನ್ ಎಂಬ ಔಷಧಿಯಿಂದ ಚೇತರಿಕೆ ಹೆಚ್ಚುತ್ತದೆಂಬ ಆಸೆ ಒಂದು ಕಾಲದಲ್ಲಿತ್ತು. ೩,೧೨೭ ಮಂದಿಯ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ ಪರೀಕ್ಷೆ ಆ ಆಸೆಯನ್ನು ಸುಳ್ಳುಮಾಡಿತು; ಮೂಳೆ ಮುರಿತ ಮಾತ್ರ ಹೆಚ್ಚಿತು.

ಎಣ್ಣೆ ತಿಕ್ಕುವ ವಾಡಿಕೆಯ ಬಗ್ಗೆ ಒಂದು ಮಾತು. ಹಿತವಾಗಿ ತಿಕ್ಕುವುದರಿಂದ ಚರ್ಮಕ್ಕೂ ಮನಸ್ಸಿಗೂ ಸಮಾಧಾನವಾಗುತ್ತದೆ, ಅದನ್ನು ಬಿಡಬೇಕಾದ್ದಿಲ್ಲ. ಆದರೆ ತಿಕ್ಕುವಾಗ ಕೆಲಸ ಮಾಡುವವನು ತಿಕ್ಕುವವನೇ ಹೊರತು ರೋಗಿಯ ಮೆದುಳಲ್ಲ. ಅರ್ಧ ಗಂಟೆ ಎಣ್ಣೆಗೆ ಕೊಟ್ಟರೆ ಒಂದು ಗಂಟೆಯನ್ನು ರೋಗಿಯ ಸ್ವಂತ ಪ್ರಯತ್ನಕ್ಕೆ ಕೊಡಬೇಕು.

ಮನೆಯೆಂಬ ಅಭ್ಯಾಸಶಾಲೆ

ಹಳ್ಳಿಯ ಮನೆಯಲ್ಲಿ ಚಿಕಿತ್ಸಾಲಯದ ಉಪಕರಣಗಳಿಲ್ಲದಿರಬಹುದು. ಕೈಗೆ ಕೆಲಸ ಕೊಡುವ ವಸ್ತುಗಳಿಗೆ ಬರವಿಲ್ಲ. ಹೆಗಲು ಮೊಣಕೈಗಳಷ್ಟೇ ಆಡುವವರು ಕುಳಿತಲ್ಲಿಯೇ ಎರಡು ಅಂಗೈಗಳ ಕೆಳಗೂ ಬಟ್ಟೆಯನ್ನಿಟ್ಟುಕೊಂಡು ಮಣೆಯನ್ನೋ ಮೇಜನ್ನೋ ಮುಂದಕ್ಕೂ ಪಕ್ಕಕ್ಕೂ ಒರಸಬಹುದು. ಬೆರಳು ಬಿಚ್ಚಲು ತೊಡಗಿದವರು ಮೊರದಲ್ಲಿ ಹರಡಿದ ಕಡಲೆಕಾಯಿಗಳನ್ನು ಒಂದೊಂದಾಗಿ ಹೆಕ್ಕಿ ಚೊಂಬಿನೊಳಗೆ ಬಿಡಬಹುದು. ಹೆಕ್ಕುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯ. ಕಾಯಿಗಳನ್ನು ಮೊದಲೇ ಎಣಿಸಿ ಹಾಕಿದರೆ ಲೆಕ್ಕವೂ ದೊರೆಯುತ್ತದೆ. ಇಂದು ನಲವತ್ತಾದರೆ ಮುಂದಿನ ವಾರ ಎಂಬತ್ತು.

ಹೆಬ್ಬೆರಳು ತೋರುಬೆರಳುಗಳ ಹಿಡಿತ ಬಂದವರಿಗೆ ಅವರೆಕಾಯಿಯ ಕಾಲ ಒಂದು ವರದಾನ. ಕಾಯಿ ಸುಲಿಯುವುದಕ್ಕೆ ಎರಡು ಕೈಗಳೂ ಬೇಕು. ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಹಿತುಕಿ ಸಿಪ್ಪೆಯಿಂದ ಬೇಳೆಯನ್ನು ಹಾರಿಸುವುದಂತೂ ಚಿಕಿತ್ಸಕರು ಬೇಕೆಂದು ಯೋಜಿಸಿದರೂ ಇಷ್ಟು ಚೆನ್ನಾಗಿ ಯೋಜಿಸಲಾರದ ಅಭ್ಯಾಸ. ಬೆರಳಿನ ಬಲವೂ ಅಳತೆಯೂ ಸ್ಪರ್ಶಜ್ಞಾನವೂ ಅದರಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ. ಶಿಡ್ಲಘಟ್ಟದ ಕಡೆಯ ರೇಷ್ಮೆ ಸಾಕುವ ಮನೆಗಳಲ್ಲಿ ಚಂದ್ರಿಕೆಯಿಂದ ಗೂಡು ಬಿಡಿಸುವ ಕೆಲಸವೂ ಇಂಥದೇ. ಹೂ ಕಟ್ಟುವುದು, ಸೀರೆಯ ನೆರಿಗೆ ಹಿಡಿಯುವುದು, ಪಂಚೆಯುಡುವುದು, ಗುಂಡಿ ಹಾಕುವುದು ಇದಕ್ಕಿಂತ ಮೇಲಿನ ಮೆಟ್ಟಿಲುಗಳು.

ಊಟ ಎಲ್ಲಕ್ಕಿಂತ ದೊಡ್ಡ ಪಾಠ. ದಿನಕ್ಕೆ ಎರಡು ಮೂರು ಸಲ ತಾನಾಗಿಯೇ ಬರುತ್ತದೆ. ಫಲ ಕೂಡಲೇ ಬಾಯಿಗೆ ಸೇರುತ್ತದೆ. ಅನ್ನದ ಅಗುಳಿಗಿಂತ ರಾಗಿಮುದ್ದೆ ಸೋತ ಬೆರಳಿಗೆ ಸುಲಭವಾಗಿ ಸಿಕ್ಕುತ್ತದೆ. ಮುರಿಯುವುದು, ಉಂಡೆ ಮಾಡುವುದು, ಸಾರಿನಲ್ಲಿ ಅದ್ದುವುದು, ಬಾಯಿಗೊಯ್ಯುವುದು ಎಂಬ ನಾಲ್ಕು ಹೆಜ್ಜೆಗಳು ಅದರಲ್ಲಿವೆ. ಆದರೆ ಪಾರ್ಶ್ವವಾಯುವಿನಲ್ಲಿ ನುಂಗುವ ಶಕ್ತಿಯೂ ಕುಂದಿರಬಹುದಾದ್ದರಿಂದ, ವೈದ್ಯರು ಅದನ್ನು ಪರೀಕ್ಷಿಸಿ ಒಪ್ಪಿದ ಮೇಲೆಯೇ ಮುದ್ದೆಯನ್ನು ಕೊಡಬೇಕು. ಮೊದಲ ಕೆಲವು ವಾರ ತುತ್ತು ಚೆಲ್ಲುವುದನ್ನು ಮನೆಯವರು ನೋಡಿಯೂ ನೋಡದಂತಿರಬೇಕು.

ಕೆಲವು ಎಚ್ಚರಿಕೆಗಳು ಅವಶ್ಯ. ರೋಗಿಯನ್ನು ಏಳಿಸುವಾಗ ಸೋತ ಕೈಯನ್ನು ಹಿಡಿದೆಳೆಯಬಾರದು. ಹೆಗಲಿನ ಕೀಲು ಜಾರಿ, ಆ ನೋವಿನಿಂದ ಅಭ್ಯಾಸವೇ ನಿಂತುಹೋಗುತ್ತದೆ. ಮಲಗಿದಾಗಲೂ ಕುಳಿತಾಗಲೂ ಕೈಗೆ ದಿಂಬಿನ ಆಸರೆ ಬೇಕು. ಸ್ಪರ್ಶಜ್ಞಾನ ಕುಂದಿದ ಕೈಗೆ ಬಿಸಿ ಪಾತ್ರೆ, ಒಲೆ, ಕುಡುಗೋಲುಗಳಿಂದ ಅಪಾಯವಿದೆ. ಕೋಲೂರಿ ನಡೆಯುವವನ ಒಳ್ಳೆಯ ಕೈಯನ್ನು ಕಟ್ಟಿ ನಡೆಸಬಾರದು. ನಿರ್ಬಂಧದ ಅಭ್ಯಾಸವೇನಿದ್ದರೂ ಕುಳಿತು ಮಾಡತಕ್ಕದ್ದು.

ಮನೆಯವರಿಂದಲೇ ಎಲ್ಲವೂ ಆಗುವುದೆ?

ಇಷ್ಟನ್ನು ಓದಿದವರಿಗೆ, ಮನೆಯವರಿಗೆ ಕಲಿಸಿಬಿಟ್ಟರೆ ಸಾಕು, ಚಿಕಿತ್ಸಕರು ಬೇಡವೆಂದು ತೋರಬಹುದು. ಈ ಪ್ರಶ್ನೆಯನ್ನು ನಮ್ಮ ದೇಶದಲ್ಲಿಯೇ ಪರೀಕ್ಷಿಸಲಾಗಿದೆ. ೧೪ ಆಸ್ಪತ್ರೆಗಳ ೧,೨೫೦ ರೋಗಿಗಳನ್ನೊಳಗೊಂಡು ೨೦೧೭ರಲ್ಲಿ ಪ್ರಕಟವಾದ 'ಅಟೆಂಡ್' ಪರೀಕ್ಷೆಯಲ್ಲಿ, ಅರ್ಧದಷ್ಟು ಮಂದಿಯ ಮನೆಯವರಿಗೆ ಅಭ್ಯಾಸಗಳನ್ನು 

ಕಲಿಸಿ ಕಳುಹಿಸಲಾಯಿತು. ಆರು ತಿಂಗಳ ಅನಂತರ ಮರಣಹೊಂದಿದವರೂ ಪರಾವಲಂಬಿಗಳಾಗಿ ಉಳಿದವರೂ ಸೇರಿ ಎರಡು ಗುಂಪುಗಳಲ್ಲಿಯೂ ಶೇಕಡ ೪೭. ಅಂದರೆ ಮನೆಯವರ ಶಿಕ್ಷಣದಿಂದ ಒಟ್ಟು ಪರಿಣಾಮದಲ್ಲಿ ಅಂತರವಾಗಲಿಲ್ಲ.

ಇದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸರಿಯಲ್ಲ. ಆ ಪರೀಕ್ಷೆ ಅಳೆದದ್ದು ಒಟ್ಟು ಪರಾವಲಂಬನೆಯನ್ನು, ಕೈಯೊಂದನ್ನೇ ಅಲ್ಲ. ಆದರೂ ಅದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟವಾಗಿದೆ. ಮನೆಯವರ ಪ್ರೀತಿ ಚಿಕಿತ್ಸಕರ ವಿದ್ಯೆಗೆ ಬದಲಿಯಲ್ಲ. ಯಾವ ಕೈಗೆ ಯಾವ ಕೆಲಸ, ಎಷ್ಟು ಸಲ, ಯಾವಾಗ ಮೇಲಿನ ಮೆಟ್ಟಿಲು ಎಂಬುದನ್ನು ಬಲ್ಲವರು ನೋಡಿ ಹೇಳಬೇಕು. ಕೆಲವು ವಾರಗಳಿಗೊಮ್ಮೆ ಮತ್ತೆ ನೋಡಬೇಕು. ನಡುವಣ ದಿನಗಳನ್ನು ಮನೆಯವರು ತುಂಬಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಂದ ಕೆಲಸ ಸಾಗದು.

ಕೈಯಿಂದ ಮಾಡುವ ನಿತ್ಯದ ಕೆಲಸಗಳನ್ನೇ ಚಿಕಿತ್ಸೆಯಾಗಿ ಬಳಸುವ ಆಕ್ಯುಪೇಷನಲ್ ಥೆರಪಿ ವಿದ್ಯೆಯನ್ನು ನಮ್ಮ ದೇಶದಲ್ಲಿ ಕಲಿಸಲಾರಂಭಿಸಿದ್ದು ೧೯೫೦ರಲ್ಲಿ, ಮುಂಬಯಿಯಲ್ಲಿ, ಕಮಲಾ ನಿಂಬಕರ್ ಅವರ ಪ್ರಯತ್ನದಿಂದ. ಆದರೆ ಆ ವಿದ್ಯೆಯನ್ನು ಕಲಿತವರು ಇಂದಿಗೂ ಹೆಚ್ಚಾಗಿ ನಗರಗಳಲ್ಲಿಯೇ ಇದ್ದಾರೆ. ಈ ಅಂತರವನ್ನು ಕಡಮೆಮಾಡುವ ಒಂದು ಪ್ರಯತ್ನ ನಮ್ಮ ಜಿಲ್ಲೆಯಲ್ಲಿಯೇ ನಡೆದಿದೆ. ಕರ್ನಾಟಕ ಸರ್ಕಾರವೂ ನಿಮ್ಹಾನ್ಸ್ ಸಂಸ್ಥೆಯೂ ಕೂಡಿ ೨೦೨೨ರ ಜನವರಿಯಲ್ಲಿ 'ಕರ್ನಾಟಕ ಮಿದುಳು ಆರೋಗ್ಯ ಉಪಕ್ರಮ'ವನ್ನು ಆರಂಭಿಸಿದಾಗ, ಮೊದಲ ಪ್ರಯೋಗಕ್ಕೆ ಆರಿಸಿಕೊಂಡ ಪ್ರದೇಶಗಳಲ್ಲಿ ಬೆಂಗಳೂರು ದಕ್ಷಿಣ ಮತ್ತು ಕೋಲಾರಗಳೊಡನೆ ಚಿಕ್ಕಬಳ್ಳಾಪುರವೂ ಒಂದಾಗಿತ್ತು. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆವಿನ ರೋಗ ಇವುಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಗುರುತಿಸುವಂತೆ ತರಬೇತಿ ಕೊಡುವುದು, ಜಿಲ್ಲಾ ಆಸ್ಪತ್ರೆಯಲ್ಲಿ ಮಿದುಳು ಆರೋಗ್ಯ ಚಿಕಿತ್ಸಾಲಯವನ್ನು ನಡೆಸುವುದು ಇದರ ಕ್ರಮ. ಗೌರಿಬಿದನೂರಿನವರು ಪ್ರತಿಯೊಂದಕ್ಕೂ ಬೆಂಗಳೂರಿಗೆ ಹೋಗಬೇಕೆಂಬ ಸ್ಥಿತಿ ಇದರಿಂದ ಬದಲಾಗುವ ಮಾರ್ಗ ತೆರೆದಿದೆ.

ಉಪಸಂಹಾರ

ಮೇಲಿನ ವಿಚಾರವನ್ನು ಹೀಗೆ ಸಂಗ್ರಹಿಸಬಹುದು. ಪಾರ್ಶ್ವವಾಯುವಿನಿಂದ ಸೋತ ಕೈಯನ್ನು ಹೊರಗಿನಿಂದ ಗುಣಪಡಿಸುವ ಮದ್ದಾಗಲಿ ಯಂತ್ರವಾಗಲಿ ಇಲ್ಲ. ಅದು ಮತ್ತೆ ಕಲಿಯಬೇಕು. ಕಲಿಕೆಗೆ ಬಲ್ಲವರ ಮಾರ್ಗದರ್ಶನ, ಅರ್ಥವುಳ್ಳ ಕೆಲಸ, ಸಾಕಷ್ಟು ಆವರ್ತನ ಇವು ಮೂರೂ ಬೇಕು. ಎಲ್ಲ ಕೈಗಳೂ ಮರಳುವುದಿಲ್ಲವೆಂಬುದನ್ನು ರೋಗಿಗೂ ಮನೆಯವರಿಗೂ ಮೆಲ್ಲನೆ, ಆದರೆ ನಿಜವಾಗಿ, ಹೇಳಬೇಕು. ಪೂರ್ತಿ ಮರಳದ ಕೈಯೂ ತಟ್ಟೆಯನ್ನು ಒತ್ತಿಹಿಡಿಯಬಲ್ಲುದು, ಬಟ್ಟೆಯನ್ನು ಅದುಮಿಹಿಡಿಯಬಲ್ಲುದು, ಇನ್ನೊಂದು ಕೈಗೆ ನೆರವಾಗಬಲ್ಲುದು. ಅಷ್ಟಾದರೂ ಅದು ಬದುಕಿಗೆ ಸೇರಿದ ಕೈ.

ವಾಚಕರು ನೆನಪಿನಲ್ಲಿಡಬೇಕಾದ ಕೆಲಸಗಳು ಎರಡು. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನ, ಕೈಯ ಅಭ್ಯಾಸವನ್ನು ಯಾರು ತೋರಿಸಿಕೊಡುವರು, ಮತ್ತೆ ಯಾವಾಗ ಬಂದು ತೋರಿಸಬೇಕು ಎಂದು ಕೇಳಿ ಬರೆದುಕೊಳ್ಳಬೇಕು. ಮನೆಗೆ ಬಂದ ಮೇಲೆ, ತುತ್ತು ತಿನ್ನಿಸಲು ಹೊರಟವರನ್ನು ತಡೆದು, ತಟ್ಟೆಯನ್ನು ಸೋತ ಕೈಯ ಮುಂದೆ ಇಡಬೇಕು.